ತುಟಿ ಬಿಚ್ಚಿದರೆ ಆಟ ಹೋಯಿತು

ಇದನ್ನು ಹೇಳಿಬಿಡಬೇಕು ಎಂದುಕೊಂಡು ವರ್ಷಗಳೇ ಕಳೆದವು. ಪ್ರತಿ ಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ, ಮೊಮ್ಮಗಳ ನಾಮಕರಣ ಮುಗಿಯಲಿ, ಚಳಿ ಕಡಿಮೆಯಾಗಲಿ. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಾಳೆ, ಚಳಿಯೂ ಬೆಂಗಳೂರಿಗೆ ಮೊದಲಿನ ಹಾಗೆ ಬರುತ್ತಿಲ್ಲ. ನನ್ನ ಹತ್ತಿರ ಬೇರೆ ನೆಪ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಚಾಮರಾಜಪೇಟೆಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ಸು ನಡೆಸುತ್ತಿದ್ದೆ. ಮದುವೆ ಪತ್ರಿಕೆ ಬಿಟ್ಟರೆ ಹೈಸ್ಕೂಲುಗಳ ಪ್ರಶ್ನೆಪತ್ರಿಕೆಯೇ ನಮಗೆ ಅನ್ನ. ಹಾಗಾಗಿ ಸುತ್ತಮುತ್ತಲಿನ ಹೆಡ್‌ಮಾಸ್ತರುಗಳೆಲ್ಲ ಪರಿಚಯ. ಪ್ರೆಸ್ಸನ್ನು ಮಗನ ಕೈಗೆ ಕೊಟ್ಟ ಮೇಲೆ ಬೆಳಗ್ಗೆ ಎದ್ದು ಏನು ಮಾಡುವುದೆಂದು ತಿಳಿಯಲಿಲ್ಲ. ನನ್ನ ಬಾಲ್ಯದ ಗೆಳೆಯನೊಬ್ಬ ಹನುಮಂತನಗರದಲ್ಲಿದ್ದಾನೆ, ಬ್ಯಾಂಕಿನಿಂದ ರಿಟೈರ್ ಆದವನು. ಅವನಿಗೂ ಇದೇ ತೊಂದರೆ. ಇಬ್ಬರೂ ಸೇರಿ ಹೈಸ್ಕೂಲುಗಳ ನಡುವೆ ಚೆಸ್ ಪಂದ್ಯ ಶುರುಮಾಡಿದೆವು. ಒಂದು ಶಾಲೆಯಿಂದ ನಾಲ್ಕು ಮಕ್ಕಳು, ನಾಲ್ಕು ಬೋರ್ಡು, ಜೊತೆಗೆ ಬರುವ ಮೇಷ್ಟ್ರೇ ಕ್ಯಾಪ್ಟನ್ನು. ನಾಲ್ವರ ಅಂಕ ಕೂಡಿಸಿದರೆ ಶಾಲೆಯ ಅಂಕ.

ಪಂದ್ಯ ನಡೆಯುವುದು ಆಷಾಢದಲ್ಲಿ. ಆಗ ಮದುವೆಗಳಿಲ್ಲ, ಛತ್ರ ಖಾಲಿ ಹೊಡೆಯುತ್ತಿರುತ್ತದೆ, ಮಾಲೀಕರು ನಗುನಗುತ್ತಾ ಬೀಗದ ಕೈ ಕೊಡುತ್ತಾರೆ. ಊಟದ ಟೇಬಲ್ಲುಗಳ ಮೇಲೆ ಎಲೆ ಹಾಕುವ ಜಾಗದಲ್ಲಿ ಬೋರ್ಡು ಹಾಸುತ್ತೇವೆ. ತೀರ್ಪುಗಾರನಾದ ನನಗೆ ವೇದಿಕೆಯ ಮೇಲೆ ವಧೂವರರು ಕೂರುವ ಕೆಂಪು ಮಖಮಲ್ಲಿನ ಕುರ್ಚಿ. ಮೊದಲನೇ ವರ್ಷ ನಾನು ಅದರಲ್ಲಿ ಕೂತಾಗ ಗೆಳೆಯ ಕೆಳಗಿನಿಂದ ನೋಡಿ, "ಗಂಡೇನೋ ಬಂದು ಕೂತಿದೆ. ಹೆಣ್ಣಿನ ಕಡೆಯೋರು ಮುಖ ನೋಡಿ ವಾಪಸ್ ಹೋದ್ರು ಅನ್ಸುತ್ತೆ," ಅಂದ. ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. ಆ ಕುರ್ಚಿಯಲ್ಲಿ ಕೂತರೆ ನನಗೆ ಸ್ವಲ್ಪ ಗತ್ತು ಬರುತ್ತಿತ್ತು.

ನಾನು ಚೆಸ್ ಕಲಿತದ್ದು ಪುಸ್ತಕದಿಂದಲ್ಲ. ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಆಡುತ್ತಿದ್ದ ಹಿರಿಯರ ಪಕ್ಕ ನಿಂತು ಕಲಿತೆ. ಅಲ್ಲಿ ಇದ್ದದ್ದು ಒಂದೇ ಕಾನೂನು: ತುಟಿ ಬಿಚ್ಚಿದರೆ ಆಟ ಹೋಯಿತು. ನೋಡುವವನು ಒಂದು ಮಾತಾಡಿದರೂ ಅವನು ಯಾರ ಕಡೆಯವನೋ ಅವರು ಸೋತಂತೆ. ಅದನ್ನೇ ನಾನು ಛತ್ರಕ್ಕೂ ತಂದೆ. ನಿಯಮಗಳ ಪುಸ್ತಕವೊಂದು ನಮ್ಮಲ್ಲಿತ್ತು. ಅದನ್ನು ಓದಿದವನು ಗೆಳೆಯ. ನಾನು ಅದಕ್ಕೆ ಅಂದವಾದ ರಟ್ಟು ಹಾಕಿಸಿಕೊಟ್ಟಿದ್ದೆ, ಅಷ್ಟೆ.

ಅಕ್ಕಿಪೇಟೆಯ ಕಡೆಯಿಂದ ಒಂದು ಹೆಣ್ಣುಮಕ್ಕಳ ಶಾಲೆ ಬರುತ್ತಿತ್ತು. ಕರೆತರುತ್ತಿದ್ದವರು ಕನ್ನಡ ಮಿಸ್ಸು. ಅವರಿಗೆ ಚೆಸ್ ಅಷ್ಟಕ್ಕಷ್ಟೆ, ಹುಡುಗಿಯರಿಂದಲೇ ಕಲಿತವರು. "ಎಲ್ಲಾ ಕಾಯೂ ನನ್ನ ಮಾತು ಕೇಳ್ತವೆ ಸಾರ್, ಈ ಕುದುರೆ ಒಂದು ಬಿಟ್ಟು," ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಆ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡು ಚೆಸ್ಸಿಗೆ ಮೀಸಲು. ಅದನ್ನು ಹೆಡ್‌ಮಿಸ್ಟ್ರೆಸ್ಸಿನ ಬೆನ್ನು ಹತ್ತಿ ಕೇಳಿ ಪಡೆದವಳು ಹತ್ತನೇ ತರಗತಿಯ ಒಬ್ಬ ಹುಡುಗಿ, ಅವರ ತಂಡದ ಎರಡನೇ ಬೋರ್ಡಿನವಳು. ಮನೆಯಲ್ಲಿ ಅವಳ ಜೊತೆ ಆಡುವವರು ಯಾರೂ ಇರಲಿಲ್ಲ. ವಾರಕ್ಕೆ ಅವಳಿಗೆ ಸಿಗುತ್ತಿದ್ದದ್ದು ಅದೊಂದೇ ಪೀರಿಯಡ್ಡು.

ಆ ವರ್ಷ ಪಂದ್ಯದ ದಿನ ಬೆಳಗ್ಗೆಯೇ ಅವಳು ವೇದಿಕೆಯ ಹತ್ತಿರ ಬಂದಳು.

"ಸಾರ್, ಥರ್ಡ್ ಪ್ಲೇಸ್‌ಗೂ ಕಪ್ ಇದೆಯಾ?"

"ಇದೆಯಮ್ಮ, ಚಿಕ್ಕದು."

"ಚಿಕ್ಕದಾದ್ರೂ ಪರವಾಗಿಲ್ಲ ಸಾರ್. ಕಪ್ ಬರ್ಲಿಲ್ಲ ಅಂದ್ರೆ ನಮ್ಮ ಪೀರಿಯಡ್ ಗಣಿತಕ್ಕೆ ಹೋಗುತ್ತೆ. ಹೆಡ್‌ಮಿಸ್ ಹೇಳ್ಬಿಟ್ಟಿದಾರೆ."

"ಹಾಗಾದ್ರೆ ಚೆನ್ನಾಗಿ ಆಡು," ಅಂದೆ. ಕುರ್ಚಿಯಲ್ಲಿ ಕೂತವರು ಇನ್ನೇನು ಹೇಳುತ್ತಾರೆ.

ಹುಡುಗಿಯರು ಚೆನ್ನಾಗಿಯೇ ಆಡಿದರು. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ, ಆ ಪಂದ್ಯ ಸಮವಾದರೂ ಸಾಕು, ಮೂರನೇ ಸ್ಥಾನ ಅವರದ್ದು ಎಂಬ ಲೆಕ್ಕ ಬಂತು. ಮೂರು ಬೋರ್ಡಿನ ಆಟ ಮುಗಿಯಿತು. ಒಬ್ಬಳು ಗೆದ್ದಳು, ಒಬ್ಬಳು ಸೋತಳು, ಒಬ್ಬಳದು ಡ್ರಾ. ಉಳಿದದ್ದು ಎರಡನೇ ಬೋರ್ಡು. ಅದೂ ಡ್ರಾ ಆದರೆ ಪಂದ್ಯ ಸಮ. ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬಂದು ಮಕ್ಕಳೆಲ್ಲ ಆ ಕಡೆ ತಿರುಗಿದ್ದರು. ಗೆಳೆಯ ಬಡಿಸುವ ಏರ್ಪಾಡಿಗೆ ಹೋಗಿದ್ದ. ಬೋರ್ಡಿನ ಮೇಲೆ ಇಬ್ಬರಿಗೂ ಒಂದೊಂದು ಆನೆ, ನಾಲ್ಕಾರು ಕಾಲಾಳು. ಎದುರು ಕೂತ ಹುಡುಗ, "ಡ್ರಾ?" ಎಂದು ಕೇಳಿದ.

ಹುಡುಗಿ ತಿರುಗಿ ಹಿಂದೆ ನಿಂತಿದ್ದ ಮಿಸ್ಸನ್ನು ನೋಡಿದಳು. "ಮಿಸ್, ತಗೊಳ್ಲಾ?"

"ತಗೋಳೇ," ಅಂದರು ಮಿಸ್ಸು.

ನಾನು ಕುರ್ಚಿಯಿಂದ ಇಳಿದು ಬಂದೆ. ಆಟದ ಗಡಿಯಾರ ನಿಲ್ಲಿಸಿದೆ. ಬೇರೆಯವರನ್ನು ಕೇಳಿ ಆಡುವ ಹಾಗಿಲ್ಲ, ಆಟ ಹೋಯಿತು, ಅಂದೆ. ಎದುರಿನ ಹುಡುಗ ಪಾಪ ಎದ್ದು ನಿಂತು, "ಸಾರ್, ಡ್ರಾ ಕೇಳಿದ್ದು ನಾನೇ," ಅಂದ. "ನಿನ್ನನ್ನ ಯಾರೂ ಕೇಳ್ಲಿಲ್ಲ, ಕೂತ್ಕೋ," ಎಂದು ಗದರಿಸಿದೆ. ಗೆದ್ದವನು ನೀನು ಎಂದು ಅವನ ಕೈ ಕುಲುಕಿದೆ. ಅವನ ಕೈಯಲ್ಲಿ ಜೀವವೇ ಇರಲಿಲ್ಲ. ಹುಡುಗಿ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

ಸುದ್ದಿ ಕೇಳಿ ಗೆಳೆಯ ಸೌಟು ಹಿಡಿದುಕೊಂಡೇ ಓಡಿಬಂದ. ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದ.

"ಏನೋ ಮಾಡಿದೆ? ಟೀಮ್ ಆಟದಲ್ಲಿ ಡ್ರಾ ತಗೊಳ್ಬಹುದಾ ಅಂತ ಕ್ಯಾಪ್ಟನ್ನ ಕೇಳಬಹುದು ಕಣೋ. ನಾಲ್ಕು ಜನದ ಲೆಕ್ಕ ಅದು, ಒಬ್ಬರಿಗೆ ಹೇಗೆ ಗೊತ್ತಾಗುತ್ತೆ? ಯಾವ ಕಾಯಿ ನಡೆಸು ಅಂತ ಹೇಳಿದ್ರೆ ತಪ್ಪು. ಆ ಯಮ್ಮ ಹೇಳಿದ್ದು ತಗೋ ಅಂತ, ಅಷ್ಟೇ ತಾನೆ?"

"ನಿಜವಾಗ್ಲೂ?"

"ಪುಸ್ತಕಕ್ಕೆ ರಟ್ಟು ಹಾಕಿಸೋ ಬದ್ಲು ಒಂದು ಸಲ ತೆಗೆದು ಓದಿದ್ರೆ ಗೊತ್ತಾಗ್ತಿತ್ತು. ಹೋಗು, ತಪ್ಪಾಯ್ತು ಅಂತ ಹೇಳಿ ಬದಲಾಯಿಸು. ಬಹುಮಾನ ಇನ್ನೂ ಕೊಟ್ಟಿಲ್ಲ."

"ಹೆಡ್‌ಮಾಸ್ತರುಗಳೆಲ್ಲ ಬಂದು ಕೂತಿದಾರಲ್ಲೋ. ಅವರೆದುರಿಗೆ ಹೇಗೆ?"

"ಅವರು ನೋಡ್ತಿರೋದು ಬಿಸಿಬೇಳೆಬಾತನ್ನ. ನಿನ್ನನ್ನಲ್ಲ."

ಅವನ ಮಾತು ಕೇಳಬಹುದಿತ್ತು. ಸಮಯವಿತ್ತು, ಮೈಕೂ ಅಲ್ಲೇ ಇತ್ತು. ನಾನು ಹೋಗಿ ಮತ್ತೆ ಕೆಂಪು ಕುರ್ಚಿಯಲ್ಲಿ ಕೂತೆ. ಚಿಕ್ಕ ಕಪ್ಪು ಬೇರೆ ಶಾಲೆಗೆ ಹೋಯಿತು.

ಇದಕ್ಕಿಂತ ನಾಚಿಕೆಗೇಡಿನದು ಆಮೇಲೆ ನಡೆಯಿತು. ಎಲ್ಲರೂ ಹೊರಡುವಾಗ ಕನ್ನಡ ಮಿಸ್ಸು ನನ್ನ ಹತ್ತಿರ ಬಂದು ಕೈಮುಗಿದರು. "ತಪ್ಪಾಯ್ತು ಸಾರ್. ನನಗೆ ರೂಲ್ಸ್ ಗೊತ್ತಿರ್ಲಿಲ್ಲ, ಬಾಯಿ ಬಿಟ್ಟುಬಿಟ್ಟೆ. ಮಕ್ಕಳ ಮೇಲೆ ಬೇಜಾರು ಮಾಡ್ಕೋಬೇಡಿ." ನಾನು ಏನು ಹೇಳಿದೆ ಗೊತ್ತೇ? "ಪರವಾಗಿಲ್ಲ ಬಿಡಿಮ್ಮ. ಮುಂದಕ್ಕೆ ಹುಷಾರಾಗಿರಿ." ತಪ್ಪು ಮಾಡಿದ ನಾನೇ ಅವರನ್ನು ಕೂತಲ್ಲೇ ಕ್ಷಮಿಸಿದೆ. ಗೆಳೆಯ ನನ್ನೊಡನೆ ಒಂದು ವಾರ ಮಾತು ಬಿಟ್ಟ. ಆ ಶಾಲೆಯ ಶುಕ್ರವಾರದ ಪೀರಿಯಡ್ಡು ಗಣಿತಕ್ಕೆ ಹೋಯಿತು.

ಮರು ವರ್ಷ ಆಷಾಢಕ್ಕೆ ಮುಂಚೆ ಎಲ್ಲ ಶಾಲೆಯ ಮೇಷ್ಟ್ರುಗಳನ್ನೂ ಸಭೆಗೆ ಕರೆದೆವು. ಒಂದು ವರ್ಷ ಯೋಚಿಸಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಈ ವರ್ಷದಿಂದ ಒಂದು ಹೊಸ ನಿಯಮ," ಎಂದು ಶುರುಮಾಡಿದೆ. "ಡ್ರಾ ತೆಗೆದುಕೊಳ್ಳಬಹುದೇ ಎಂದು ಮಕ್ಕಳು ಕ್ಯಾಪ್ಟನ್ನನ್ನು ಕೇಳಬಹುದು." ಟೇಬಲ್ಲಿನ ಕೆಳಗೆ ಗೆಳೆಯ ನನ್ನ ಕಾಲಿಗೆ ಒದ್ದ. ಮೊದಲು ಚಪ್ಪಾಳೆ ತಟ್ಟಿದವರು ಕನ್ನಡ ಮಿಸ್ಸು.

"ಒಳ್ಳೇ ನಿಯಮ ಸಾರ್. ಒಂದು ವರ್ಷ ಮುಂಚೆ ಮಾಡಿದ್ರೆ ನಮ್ಮ ಹುಡುಗಿ ಬಚಾವಾಗ್ತಿದ್ಲು. ವರ್ಷವೆಲ್ಲ ಉಳಿದೋರು ಅವಳನ್ನ ‘ತಗೊಳ್ಲಾ’ ಅಂತಾನೇ ಕರೀತಿದ್ರು. ನಿನ್ನಿಂದಾನೇ ಪೀರಿಯಡ್ ಹೋಯ್ತು ಅಂತ."

ಸಭೆ ಮುಗಿದು ಮಿಸ್ಸು ಬಸ್‌ಸ್ಟಾಪಿನ ಕಡೆ ನಡೆಯುತ್ತಿದ್ದರು. ನಾನು ಹಿಂದಿನಿಂದ ಏದುಸಿರು ಬಿಡುತ್ತಾ ಹೋಗಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ನಿಯಮ ಹೊಸದಲ್ಲ, ಯಾವಾಗಲೂ ಇದ್ದದ್ದೇ. ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದೆ.

ಅವರು ಎರಡು ಬಸ್ಸು ಬಿಟ್ಟರು. ಆಮೇಲೆ, "ನಾನು ನಿಮಗೆ ಕೈಮುಗಿದಿದ್ದೆನಲ್ಲ ಸಾರ್. ಅದನ್ನ ವಾಪಸ್ ಕೊಡಿ," ಅಂದರು.

ನಾನು ರಸ್ತೆಯಲ್ಲೇ ಕೈಮುಗಿದೆ. ಪಕ್ಕದ ಹೂವಿನವಳು ಇವರ್ಯಾರೋ ದೊಡ್ಡವರಿರಬೇಕೆಂದು ತಾನೂ ಎದ್ದು ನಿಂತಳು. ಮಿಸ್ಸಿಗೆ ನಗು ತಡೆಯಲಾಗಲಿಲ್ಲ. "ಸಾಕು ಬಿಡಿ. ನಾಳೆ ಸ್ಕೂಲಿಗೆ ಬನ್ನಿ, ಇದನ್ನೇ ನಮ್ಮ ಹೆಡ್‌ಮಿಸ್ ಎದುರಿಗೆ ಹೇಳಿ."

ಹೋದೆ. ಹೆಡ್‌ಮಿಸ್ಟ್ರೆಸ್ಸು ನನ್ನ ಮಗಳಿಗಿಂತ ಚಿಕ್ಕವರು. ಹೊರಗಿನ ಬೆಂಚಿನ ಮೇಲೆ, ತಡವಾಗಿ ಬಂದ ಮಕ್ಕಳ ಜೊತೆಯಲ್ಲಿ ನನ್ನನ್ನೂ ಕೂರಿಸಿ, ಆಮೇಲೆ ಒಳಗೆ ಕರೆದರು. ಎಲ್ಲ ಕೇಳಿಸಿಕೊಂಡು, "ಅಂದ್ರೆ ನಮ್ಮ ಮಕ್ಕಳಿಗೆ ಕಪ್ ಬರಬೇಕಾಗಿತ್ತು?" ಅಂದರು.

"ಹೌದಮ್ಮ."

"ಪೀರಿಯಡ್ ಕಿತ್ಕೊಂಡು ಗಣಿತಕ್ಕೆ ಕೊಟ್ಟೆ. ಗಣಿತದ ರಿಸಲ್ಟೂ ಏನೂ ಮೇಲೆ ಹೋಗ್ಲಿಲ್ಲ," ಎಂದು, ಅದೇ ವಾರ ಶುಕ್ರವಾರದ ಪೀರಿಯಡ್ಡನ್ನು ಚೆಸ್ಸಿಗೆ ಹಿಂತಿರುಗಿಸಿದರು. ಇವತ್ತಿಗೂ ಅದು ನಡೆಯುತ್ತಿದೆ. ಕಳೆದ ಸಲ ಆ ಶಾಲೆ ದೊಡ್ಡ ಕಪ್ಪನ್ನೇ ಎತ್ತಿಕೊಂಡು ಹೋಯಿತು. ಮಿಸ್ಸಿಗೆ ಈಗ ಕುದುರೆಯೂ ಮಾತು ಕೇಳುತ್ತದಂತೆ.

ಆದರೆ ಪೀರಿಯಡ್ಡು ವಾಪಸ್ಸು ಬಂದಾಗ ಅದನ್ನು ಕೇಳಿ ಪಡೆದಿದ್ದವಳು ಶಾಲೆಯಲ್ಲಿ ಇರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜು ಸೇರಿದ್ದಳು, ಮನೆಯನ್ನೂ ಬದಲಾಯಿಸಿದ್ದರು. "ಅವಳು ಸಿಕ್ಕಿದ್ರೆ ನೀವೇ ಹೇಳ್ಬೇಕು ಸಾರ್," ಎಂದಿದ್ದರು ಮಿಸ್ಸು. "ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೋತಾಳೆ." ಸರಿ, ಸಿಗಲಿ, ಅಂದುಕೊಂಡೆ.

ಸಿಕ್ಕಳು. ಹನುಮಂತನಗರದ ಒಂದು ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ. ರಕ್ತ ತೆಗೆಯಲು ಬಂದ ಹೆಣ್ಣುಮಗಳು ನನ್ನ ತೋಳಿಗೆ ರಬ್ಬರು ಕಟ್ಟುತ್ತಾ ಮುಖ ನೋಡಿದಳು.

"ಸಾರ್, ನೀವು ಛತ್ರದಲ್ಲಿ ಚೆಸ್ ನಡೆಸ್ತಿದ್ರಲ್ವಾ? ನನ್ನ ಗುರುತು ಸಿಕ್ತಾ? ಮಿಸ್ಸನ್ನ ಕೇಳಿ ನಮ್ಮ ಟೀಮನ್ನ ಮುಳುಗಿಸಿದೆನಲ್ಲ, ಅವಳೇ ನಾನು." ಹೇಳಿ ನಕ್ಕಳು, ಚೆನ್ನಾಗಿಯೇ ನಕ್ಕಳು. "ಮುಷ್ಟಿ ಬಿಗಿ ಮಾಡಿ ಸಾರ್."

ಬಿಗಿ ಮಾಡಿದೆ. ಸೂಜಿ ಒಳಗೆ ಹೋದದ್ದೇ ತಿಳಿಯಲಿಲ್ಲ, ಅಷ್ಟು ಹಗುರ ಕೈ.

"ಈಗಲೂ ಆಡ್ತೀಯೇನಮ್ಮ?" ಎಂದು ಕೇಳಿದೆ.

"ಇಲ್ಲ ಸಾರ್. ಆಮೇಲೆ ಬಿಟ್ಟೆ. ನನ್ನಿಂದ ಬೇರೆಯವರಿಗ್ಯಾಕೆ ತೊಂದರೆ ಅಂತ."

ಅಲ್ಲಿ ಬೇರೆ ಯಾರೂ ಇರಲಿಲ್ಲ. ಹೆಡ್‌ಮಾಸ್ತರುಗಳಿರಲಿಲ್ಲ, ವೇದಿಕೆ ಇರಲಿಲ್ಲ. ನಾನು ಹೇಳಿದ್ದು ಇಷ್ಟು: "ನೆನಪಿಗೆ ಬರ್ತಿಲ್ಲಮ್ಮ. ಎಷ್ಟೊಂದು ಮಕ್ಕಳು ಬರ್ತಾರೆ."

"ಅಯ್ಯೋ, ಒಳ್ಳೇದಾಯ್ತು ಬಿಡಿ ಸಾರ್," ಎಂದು ಅವಳು ಮತ್ತೆ ನಕ್ಕು, ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿದಳು.

ಅಂದಿನಿಂದ ನಾನು ಚಾಮರಾಜಪೇಟೆಯಲ್ಲೇ ಬೇರೆ ಲ್ಯಾಬಿಗೆ ಹೋಗುತ್ತಿದ್ದೇನೆ. ಅಲ್ಲಿ ಎರಡೆರಡು ಸಲ ಚುಚ್ಚುತ್ತಾರೆ. ಗೆಳೆಯನಿಗೆ ಇದನ್ನು ಹೇಳಿದಾಗ, "ನಿನಗೆ ಅದೇ ಸರಿ," ಅಂದ.

ಮಿಸ್ಸನ್ನು ಕ್ಷಮೆ ಕೇಳಿದ್ದಾಯಿತು, ಹೆಡ್‌ಮಿಸ್ಟ್ರೆಸ್ಸನ್ನೂ ಕೇಳಿದ್ದಾಯಿತು. ಗೆದ್ದಿದ್ದೀಯ ಎಂದು ಗದರಿಸಿ ಕೂರಿಸಿದ ಆ ಹುಡುಗನಿಗೂ ಮುಂದಿನ ವರ್ಷ ಹೇಳಿದೆ, ಅವನು ಮರೆತೇಬಿಟ್ಟಿದ್ದ. ಕೇಳದೆ ಉಳಿದಿರುವುದು ಒಬ್ಬಳನ್ನು: ತನ್ನ ಶಾಲೆಗೆ ಶುಕ್ರವಾರದ ಪೀರಿಯಡ್ಡು ತಂದುಕೊಟ್ಟು, ಅದನ್ನು ತಾನೇ ಕಳೆದೆನೆಂದು ಇಂದಿಗೂ ನಂಬಿರುವ, ಎರಡನೇ ಬೋರ್ಡಿನ ಆ ಹುಡುಗಿಯನ್ನು.