ಕಮಾನು ಎತ್ತಿದ ಮೇಲೆ

ಎಪ್ಪತ್ತರ ದಶಕದ ಕೊನೆಗೆ ನಾನು ಕೊಪ್ಪಳದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕಾಲುವೆ ನೀರು, ಬಸ್ ಅಪಘಾತ, ಹುಲಿಗಿಯ ಹುಣ್ಣಿಮೆ ಜನಸಂದಣಿ, ಇವು ನನ್ನ ಪಾಲು. ಸಂಗೀತದ ಬಗ್ಗೆ ಬರೆಯಲು ಯಾರೂ ಹೇಳಿರಲಿಲ್ಲ. ಈಗ ಹೇಳಹೊರಟ ಸಂಗತಿ ನನ್ನ ಕಿವಿಗೆ ಮೊದಲು ಬಿದ್ದದ್ದು ಗೋಡೆಯ ಆಚೆಯಿಂದ. ಪಕ್ಕದ ಮನೆಯಲ್ಲಿ ಪಿಟೀಲು ಮಾಸ್ತರರಿದ್ದರು.

ಅವರು ಹೈಸ್ಕೂಲಿನ ಸಂಗೀತ ಶಿಕ್ಷಕರು. ಕೀರ್ತನೆ, ಪುರಾಣ, ಗಾಯನ ಎಲ್ಲಿದ್ದರೂ ಸಾಥ್ ಕೊಡಲು ಅವರೇ ಬೇಕು. ಸ್ವಂತದ್ದೊಂದನ್ನು, ಮಾತಿಲ್ಲದ್ದನ್ನು, ಕಟ್ಟಿ ನುಡಿಸಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ನಿವೃತ್ತಿ ಹತ್ತಿರ ಬಂದಿತ್ತು.

ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುವ ಉಪನ್ಯಾಸಕರೊಬ್ಬರು ಸಂಜೆ ಅವರ ಪಡಸಾಲೆಗೆ ಬರುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ.

"ಸ್ವರಕ್ಕಿಂತ ಮೊದಲ ಏನಿತ್ರಿ, ಮಾಸ್ತರ?" ಎಂದು ಉಪನ್ಯಾಸಕರು ಒಮ್ಮೆ ಕೇಳಿದರು.

"ಶ್ರುತಿ ಇತ್ರಿ."

"ಶ್ರುತಿಗಿಂತ ಮೊದಲ?"

ಒಳಗಿನಿಂದ ಮಾಸ್ತರರ ಹೆಂಡತಿಯ ದನಿ ಬಂತು: "ಅದಕ್ಕಿಂತ ಮೊದಲ ಚಹಾ ಇತ್ರಿ. ಆರಾಕ ಹತ್ತೈತಿ, ಕುಡೀರಿ."

ಎಲ್ಲವೂ ಶೂನ್ಯದಿಂದ ಹುಟ್ಟಿ ಶೂನ್ಯಕ್ಕೇ ಮರಳುತ್ತದೆ ಎಂಬುದನ್ನು ತಂತಿಯ ಮೇಲೆ ತೋರಿಸಲು ಸಾಧ್ಯವೇ ಎಂದು ಉಪನ್ಯಾಸಕರು ಕೇಳಿದರು. ಅದೇ ಆರಂಭ. ಮುಂದಿನ ಮಳೆಗಾಲದ ಹೊತ್ತಿಗೆ ಪಿಟೀಲು ಮತ್ತು ತಂಬೂರಿಗಾಗಿ ಒಂದು ರಚನೆ ಸಿದ್ಧವಾಯಿತು. ತಂಬೂರಿ ಮಾಸ್ತರರ ಹೆಂಡತಿಯ ಕೈಯಲ್ಲಿ. ಏಳು ಸ್ವರಗಳಿಂದ ಶುರುವಾಗಿ ಒಂದೊಂದೇ ಬಿಟ್ಟುಹೋಗುತ್ತ ಕೊನೆಗೆ ಷಡ್ಜ ಮಾತ್ರ ಉಳಿಯುತ್ತದೆ. ಆಮೇಲೆ ಪಿಟೀಲಿನ ಕಮಾನು ತಂತಿಯಿಂದ ಮೇಲೇಳುತ್ತದೆ, ತಂಬೂರಿಯೂ ನಿಲ್ಲುತ್ತದೆ. ಆ ಮೌನದೊಳಗಿಂದ ಷಡ್ಜ ಮತ್ತೆ ಹುಟ್ಟಿಬರಬೇಕು. ಇಡೀ ರಚನೆ ಆ ಒಂದು ಜಾಗವನ್ನು ನೆಚ್ಚಿಕೊಂಡಿತ್ತು.

"ಅಲ್ಲಿ ನಾ ಏನೂ ನುಡಸೂದಿಲ್ರಿ," ಎಂದು ಮಾಸ್ತರರು ನನಗೆ ಹೇಳಿದರು. "ಅದರದ ಭಾಳ ತಾಲೀಮು ಮಾಡೀನಿ."

ಶ್ರಾವಣದಲ್ಲಿ ಕುಷ್ಟಗಿಯ ಕಾಳಿನ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಭಜನೆ ಇತ್ತು. ಅದಕ್ಕೂ ಮೊದಲು ಈ ರಚನೆ ನುಡಿಸಲು ಮಾಸ್ತರರನ್ನು ಕರೆದಿದ್ದರು. ರೇಡಿಯೋ ಕೇಂದ್ರದ ಅಧಿಕಾರಿಯೊಬ್ಬರು ಕೇಳಲು ಬಂದಿದ್ದರು. ಹಿಡಿಸಿದರೆ ಧ್ವನಿಮುದ್ರಣಕ್ಕೆ ಕರೆಸುತ್ತೇನೆ ಎಂದಿದ್ದರು. ಇನ್ನೊಬ್ಬರ ಹಾಡಿನ ಹಿಂದಿನಿಂದಲ್ಲದೆ, ತಮ್ಮದೇ ರಚನೆಯಲ್ಲಿ ಮಾಸ್ತರರನ್ನು ನಾಡು ಕೇಳುವ ಅವಕಾಶ ಅದೊಂದೇ.

ಮುಂದಿನ ಸಾಲಿನಲ್ಲಿ ಹಳ್ಳಿಗಳ ಭಜನೆಯವರು ಕೂತಿದ್ದರು. ಅವರಲ್ಲೊಂದು ರೂಢಿ. ಮುಂದಾಳಾಗಿ ಹಾಡುವವನ ಉಸಿರು ಸಿಕ್ಕಿಕೊಂಡರೆ, ಕೆಮ್ಮು ಬಂದರೆ, ಹಿಂದಿನವರು ಸೊಲ್ಲನ್ನು ಕೂಡಲೇ ಎತ್ತಿಕೊಳ್ಳಬೇಕು. ಹಾಡು ಬೀಳಗೊಟ್ಟರೆ ಹೆಸರು ಕೆಡುವುದು ಹಿಂದಿನವರದು.

ಕಮಾನು ಮೇಲೆದ್ದಿತು. ತಂಬೂರಿ ನಿಂತಿತು. ಅಂಗಳ ಒಂದು ಕ್ಷಣ ಸ್ತಬ್ಧವಾಯಿತು.

"ಹಿಡೀರ್ಲೇ, ಮಾಸ್ತರ ಕೈ ನಿಂತೈತಿ," ಎಂದು ಭಜನೆಯ ಹಿರಿಯರೊಬ್ಬರು ಪಿಸುಗುಟ್ಟಿ ಷಡ್ಜ ಹಿಡಿದರು. ಉಳಿದವರು ದನಿಗೂಡಿಸಿದರು. ತಾಳ ಬಿತ್ತು, ಏಕತಾರಿ ಮಿಡಿಯಿತು. ಶ್ರುತಿ ಎಲ್ಲಿಯೂ ತಪ್ಪಿರಲಿಲ್ಲ.

ಉಪನ್ಯಾಸಕರು ಅರ್ಧ ಎದ್ದರು. "ಸುಮ್ಕಿರ್ರೀ! ಅದು ಶೂನ್ಯ ಐತಿ!"

"ಗೊತ್ತಾತ್ರಿ ಸರ," ಎಂದರು ಹಿರಿಯರು, ತಾಳ ಬಿಡದೆ. "ಅದಕ್ಕ ತುಂಬಾಕ ಹತ್ತೀವಿ."

ಮಾಸ್ತರರ ಕಮಾನು ಇನ್ನೂ ಗಾಳಿಯಲ್ಲೇ ಇತ್ತು. ಕೈಸನ್ನೆ ಮಾಡಿದ್ದರೆ ಹಾಡು ನಿಲ್ಲುತ್ತಿತ್ತು. ಅವರು ಒಮ್ಮೆ ಅಧಿಕಾರಿಯ ಕಡೆ, ಒಮ್ಮೆ ಹಾಡುವವರ ಕಡೆ ನೋಡಿದರು. ಆಮೇಲೆ ಕಮಾನನ್ನು ಇಳಿಸಿ, ಅವರ ದನಿಯ ಕೆಳಗೆ ಮೆಲ್ಲಗೆ ಸಾಥ್ ಕೊಡತೊಡಗಿದರು. ಹೆಂಡತಿಯೂ ತಂಬೂರಿ ಮೀಟಿದರು. ಅಲ್ಲಿಂದ ಮುಂದೆ ಭಜನೆಯೇ ನಡೆಯಿತು.

ಹೊರಡುವಾಗ ಅಧಿಕಾರಿ, "ಸಾಥ್ ಭಾಳ ಛಲೋ ಮಾಡ್ತೀರಿ," ಎಂದರು. ಧ್ವನಿಮುದ್ರಣಕ್ಕೆ ಕರೆ ಬರಲಿಲ್ಲ. ನನ್ನ ವರದಿಯಲ್ಲಿ ರಚನೆಯ ವಿಷಯ ಇತ್ತು. ಅಚ್ಚಾದದ್ದರಲ್ಲಿ ಭಜನೆ ಮಾತ್ರ ಉಳಿಯಿತು.

ಕೊಪ್ಪಳದ ಬಸ್ಸಿನಲ್ಲಿ ಉಪನ್ಯಾಸಕರ ಸಿಟ್ಟು ಇಳಿದಿರಲಿಲ್ಲ. "ಒಂದ ಮಾತ ಹೇಳಿ ನಿಲ್ಲಸಬೇಕಿತ್ರಿ ನೀವು."

"ಬಿದ್ದಾನ ಅಂತ ತಿಳಕೊಂಡು ಎತ್ತಾಕ ಬಂದವರ ಕೈ ಕೊಡವಾಕ ಆಗತೈತೇನ್ರಿ?" ಎಂದರು ಮಾಸ್ತರರು.

ನಿವೃತ್ತಿಯ ನಂತರ ಒಂದು ಮಧ್ಯಾಹ್ನ ಮಾಸ್ತರರು ಆ ರಚನೆಯನ್ನು ತಮ್ಮ ಪಡಸಾಲೆಯಲ್ಲಿ ಪೂರ್ತಿ ನುಡಿಸಿದರು. ಕೇಳಿದವರು ಉಪನ್ಯಾಸಕರು ಮತ್ತು ನಾನು. ಕಮಾನು ಮೇಲೆದ್ದಿತು. ಹೆಂಡತಿ ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟರು. ಹೊರಗೆ ಒಂದು ಚಕ್ಕಡಿ ಗಾಡಿ ಹಾದುಹೋಯಿತು. ಬಹಳ ಹೊತ್ತಿನ ಮೇಲೆ ಷಡ್ಜ ಬಂತು.

"ಈಗ ಪೂರ್ತಿ ಆತು," ಎಂದರು ಉಪನ್ಯಾಸಕರು.

ಮಾಸ್ತರರು ಬಟ್ಟೆಯಿಂದ ತಂತಿ ಒರೆಸುತ್ತಿದ್ದರು. "ಆತ್ರಿ. ಆದ್ರ ಆ ಭಜನಿಯವರ ದನಿ ಬರತೈತೇನೋ ಅಂತ ಕಾದೆ."

"ಅದಕ್ಕ ಇವತ್ತ ಅಷ್ಟೊತ್ತು ಕಮಾನು ಎತ್ತಿ ಹಿಡಿದಿದ್ರೇನು?" ಎಂದು ಹೆಂಡತಿ ಚಹಾಕ್ಕಿಡಲು ಎದ್ದರು.