ಫೈಲಿಗೆ ಹಾಕದ ನಾಲ್ಕು ಮೆಸೇಜು

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್, ಜೊತೆಗೆ ಅರ್ಜಿ ಬರೆದುಕೊಡುವುದು. ಜನ ಬಂದು ತಮ್ಮ ಗೋಳನ್ನು ಹಿಂದುಮುಂದಾಗಿ ಹೇಳುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ, ನಡುವೆ ಫೋನ್ ಬಂದರೆ ಎದ್ದು ಆಚೆ ಹೋಗುತ್ತಾರೆ. ನಾನು ಪೂರ್ತಿ ಕೇಳುವುದಿಲ್ಲ. ಮೊದಲೆರಡು ಮಾತಿಗೇ ವಿಷಯ ಗೊತ್ತಾಗುತ್ತದೆ, ಉಳಿದದ್ದನ್ನು ನಾನೇ ಕೂಡಿಸಿ ಬರೆದು ಸಹಿ ಹಾಕಿಸುತ್ತೇನೆ. ಓದಿ ಹೇಳಿದರೆ ಹೆಚ್ಚಿನವರು, "ಅದೇ ಕಣಕ್ಕಾ, ನಾನೂ ಅದೇ ಏಳ್ಬೇಕಂತಿದ್ದೆ" ಅನ್ನುತ್ತಾರೆ. ಈ ಮಾತನ್ನು ವರ್ಷಗಟ್ಟಲೆ ಕೇಳಿ ನನಗೆ ಕೊಬ್ಬು ಬಂದಿತ್ತು. ಆ ಕೊಬ್ಬು ಏನು ಮಾಡಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತು. ಆ ಹೊತ್ತಿಗೆ ಅಂತ ಮೊಬೈಲಿನಲ್ಲಿ ಕೋಟೆ ಕಟ್ಟುವ ಆಟವೊಂದನ್ನು ಹಾಕಿಕೊಂಡೆ. ನಲವತ್ತು ದಾಟಿದವಳು, ಮನೆಯಲ್ಲಿ ಮೂರು ಹಸು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂಗಾರಪೇಟೆ ಕಡೆಯಿಂದ ಬಸ್ಸು ಹತ್ತಿ ಬರುವವಳು, ನಿನಗೇನು ಬಂತು ಅಂತ ಗಂಡ ನಕ್ಕರು. ನಗಲಿ ಬಿಡಿ, ಮೂರು ತಿಂಗಳಲ್ಲಿ ನನ್ನ ಕೋಟೆ ಮುರಿಯುವ ಗಂಡಸು ನಮ್ಮ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ.

ಗುಂಪು ಅಂದರೆ ನಲವತ್ತು ಜನ, ಎಲ್ಲ ಈ ಕಡೆಯವರೇ. ರೈಲಿನಲ್ಲಿ ಬೆಂಗಳೂರಿನ ಫ್ಯಾಕ್ಟರಿಗಳಿಗೆ ಹೋಗಿಬರುವವರು, ಹಾಲು ಕರೆಯುವವರು, ಪೇಟೆಯ ಅಂಗಡಿಗಳಲ್ಲಿ ಕೆಲಸ ಮಾಡುವವರು. ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಆಟದೊಳಗೇ ಮಾತಾಡಲು ಜಾಗವಿತ್ತು. ಬರೆದು ಕಳಿಸಬಹುದು, ಬರೆಯಲು ಬಾರದವರು ಮೈಕ್ ಒತ್ತಿ ಮಾತಾಡಿ ಕಳಿಸಬಹುದು. ಜಗಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಏರಿ, ತಮಿಳಿನಲ್ಲಿ ರಾಜಿಯಾಗುತ್ತಿತ್ತು. ಆದರೆ ಏನೇ ಕಳಿಸಿದರೂ ಅದು ಉಳಿಯುವುದು ಒಂದು ವಾರ ಮಾತ್ರ, ಆಮೇಲೆ ತಾನಾಗಿ ಅಳಿಸಿಹೋಗುತ್ತಿತ್ತು.

ಒಂದು ದಿನ ಇನ್ನೊಂದು ಗುಂಪಿನ ಮೇಲೆ ಯುದ್ಧ ಜೋರಾಗಿ ನಡೆಯುತ್ತಿದ್ದಾಗ ನಮ್ಮವನೊಬ್ಬ, "ಅಸು ಈಯ್ತಾ ಐತೆ, ನನ್ ಕೋಟೆ ನೀವೇ ನೋಡ್ಕಳಿ, ಕರು ಆಚೆ ಬಂದ್ಮೇಲೆ ಬತ್ತೀನಿ" ಅಂತ ಕಳಿಸಿದ. ಅಷ್ಟೇ, ಎಲ್ಲರೂ ಯುದ್ಧ ಬಿಟ್ಟು ಹಸುವಿನ ಹಿಂದೆ ಬಿದ್ದರು. ಕಾಲು ಮೊದಲು ಬಂತಾ, ಮೂತಿ ಕಾಣ್ತಾ, ಬಿಸಿನೀರು ಇಟ್ಟಿದ್ದೀಯಾ, ಅರ್ಧ ಗಂಟೆ ಬರೀ ಇದೇ. ಯುದ್ಧ ಸೋತೆವು. ಹೆಣ್ಣುಗರು ಹುಟ್ಟಿತು. ಇಷ್ಟು ಚೆನ್ನಾದ ಮಾತು ವಾರಕ್ಕೆ ಹೋಗಿಬಿಡುತ್ತದಲ್ಲ ಅಂತ ಹೊಟ್ಟೆ ಉರಿದು ಎಲ್ಲವನ್ನೂ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದು ಟೈಪ್ ಮಾಡಿಟ್ಟೆ, ಗುಂಪಿಗೂ ಹೇಳಿದೆ.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಯಾರಾದರೂ ಒಳ್ಳೆಯ ಮಾತಾಡಿದರೆ ಉಳಿದವರು "ಫೈಲಿಗೆ ಅಕ್ಕಾ, ಫೈಲಿಗೆ" ಅನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ನಾನು ಅದರಲ್ಲಿ ಒಂದನ್ನು ಆರಿಸಿ 'ವಾರದ ಮಾತು' ಅಂತ ಹಾಕುತ್ತಿದ್ದೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ಸುಳ್ಳು ಯಾಕೆ ಹೇಳಲಿ, ಅದರ ರುಚಿ ಹತ್ತಿತ್ತು.

ಗುಂಪಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದಳು. ಊರಿಗಾಂನಲ್ಲಿ ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಯೊಂದರಲ್ಲಿ ಅಪ್ಪನ ಜೊತೆ ವಾಸ, ಯಾವ ಲೈನು ಅಂತ ನಾನಿಲ್ಲಿ ಬರೆಯುವುದಿಲ್ಲ. ತಾನು ಕೆಲಸಕ್ಕೆ ಹೋದ ಮೇಲೆ ಅಪ್ಪನಿಗೆ ಹೊತ್ತು ಹೋಗಲಿ ಅಂತ ಅವರ ಫೋನಿಗೂ ಆಟ ಹಾಕಿಕೊಟ್ಟು ಗುಂಪಿಗೆ ಸೇರಿಸಿದ್ದಳು. ಈಗ ಮುಚ್ಚಿರುವ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದವರು. ನಾವೆಲ್ಲ ತಾತ ಅನ್ನುತ್ತಿದ್ದೆವು. ತಾತ ಯಾರ ಕೋಟೆಗೂ ನುಗ್ಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಸೈನಿಕರನ್ನು ಸಾಲ ಕೊಟ್ಟು, ಮೈಕಿನಲ್ಲಿ "ತಿಂದ್ಯಾ ಪಾ?" ಅಂತ ವಿಚಾರಿಸಿಕೊಂಡು ಸುಮ್ಮನಿರುತ್ತಿದ್ದರು.

ಆಟದಲ್ಲಿ ಇಬ್ಬಿಬ್ಬರು ಜೋಡಿಯಾಗಿ ನುಗ್ಗುವ ಯುದ್ಧವೊಂದಿದೆ. ಅಂಥದೊಂದರಲ್ಲಿ ಬಂಗಾರಪೇಟೆಯ ಒಬ್ಬ, ರೈಲಿನಲ್ಲಿ ಓಡಾಡುವ ಫಿಟ್ಟರ್, ತನ್ನ ಸೈನ್ಯ ಕರಗುವುದನ್ನು ಕಂಡು ನಡುವೆಯೇ ಆಟ ಮುಚ್ಚಿಬಿಟ್ಟ. ಜೋಡಿಯವನು ಒಳಗೆ ಒಬ್ಬನೇ ಸಿಕ್ಕಿಬಿದ್ದು ಸೋತ. ಎಲ್ಲರೂ ಆ ಫಿಟ್ಟರ್ ಮೇಲೆ ಮುಗಿಬಿದ್ದರು. ಎಲ್ಲರಿಗಿಂತ ಮುಂದೆ ನಾನು. "ಓಡಿಹೋಗೋನಿಗೆ ಕೋಟೆ ಯಾಕೆ, ಕೋಳಿಗೂಡು ಕಟ್ಕೊಡ್ತೀವಿ ಬಾ" ಅಂತ ಬರೆದೆ. ನಗುವ ಮುಖಗಳು ಸಾಲಾಗಿ ಬಂದವು. ಫೈಲಿಗೆ ಅಕ್ಕಾ ಅಂದರು.

ಆ ಗಲಾಟೆಯ ನಡುವೆ ತಾತನಿಂದ ಒಂದರ ಹಿಂದೊಂದು ನಾಲ್ಕು ಧ್ವನಿ ಮೆಸೇಜು ಬಂದವು. ಅಂಗಡಿಯಲ್ಲೇ ಹಾಕಿಕೊಂಡು ಕೇಳಿದೆ. ಮೊದಲನೆಯದರಲ್ಲಿ, "ಎಲ್ಲ ಸ್ವಲ್ಪ ಕೇಳಿ ಪಾ, ನಾನೊಂದು ಇಷ್ಯ ಏಳ್ತೀನಿ" ಅಂದಿದ್ದರು. ಎರಡನೆಯದರಲ್ಲಿ ಗಣಿಯೊಳಗೆ ತಾನೂ ಒಬ್ಬ ಜೊತೆಗಾರನೂ ಕೆಲಸ ಮಾಡುತ್ತಿದ್ದಾಗ ಬಂಡೆ ಸಿಡಿದದ್ದು, ದೂಳಿನಲ್ಲಿ ಏನೂ ಕಾಣದೆ ಹೋದದ್ದು, ಜೊತೆಗಾರನ ಕಾಲು ಕಲ್ಲಿನಡಿ ಸಿಕ್ಕಿ ಅವನು "ಅಣ್ಣಾ, ಅಣ್ಣಾ" ಅಂತ ಕೂಗಿದ್ದು. ಅಷ್ಟರಲ್ಲಿ ಗಿರಾಕಿಯೊಬ್ಬಳು ರೇಷನ್ ಕಾರ್ಡ್ ಹಿಡಿದು ಬಂದಳು. ಎರಡೂ ಕಡೆ ಜೆರಾಕ್ಸ್ ಆಗಬೇಕಿತ್ತು. ಮೂರು ಮತ್ತು ನಾಲ್ಕನೆಯ ಮೆಸೇಜು ಯಂತ್ರದ ಸದ್ದಿನಲ್ಲಿ ಓಡಿಹೋದವು. ಕೊನೆಯ ತುಂಡು ಮಾತ್ರ ಕಿವಿಗೆ ಬಿತ್ತು: "ಅಮ್ಮಾ, ಇದನ್ನ ನೀನು ಫೈಲಲ್ಲಿ ಬರ್ದಿಡು ಮಾ."

"ಆಗಲಿ ತಾತಾ" ಅಂತ ಕಳಿಸಿದೆ. ಆಮೇಲೆ ಕೇಳಿದರಾಯಿತು ಅಂದುಕೊಂಡೆ. ನಿಜವಾಗಿ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಗುಂಪು ನನ್ನ ಮಾತಿಗೆ ನಗುತ್ತಿರುವಾಗ ಈ ಮುದುಕ ಗಣಿಯ ಕಥೆ ಶುರು ಮಾಡಿದರಲ್ಲ ಅಂತ. ಆ ಭಾನುವಾರ 'ವಾರದ ಮಾತು' ಅಂತ ಕೋಳಿಗೂಡಿನ ಮಾತನ್ನೇ ಹಾಕಿದೆ. ನನ್ನದೇ ಮಾತನ್ನು ನಾನೇ ಆರಿಸಿಕೊಂಡೆ. ವಾರ ಕಳೆಯಿತು, ನಾಲ್ಕೂ ಮೆಸೇಜು ಹೋದವು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಾತನ ಮಗಳು ಅಂಗಡಿ ಹುಡುಕಿಕೊಂಡು ಬಂದಳು. ತಾತನಿಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು.

"ಫೋನ್ ತೋರ್ಸಿ ತೋರ್ಸಿ ಏನೋ ಕೇಳ್ತಾವ್ರೆ ಅಕ್ಕಾ" ಅಂದಳು. "ಗಣಿದು ಏನೋ ಗುಂಪಲ್ಲಿ ಏಳಿದ್ರಂತೆ. ನಾನು ಆ ವಾರ ಎರಡೆರಡು ಶಿಫ್ಟು, ಕೇಳ್ಲೇ ಇಲ್ಲ. ಮಾತು ನಿಲ್ಲಕ್ಕೆ ಮುಂಚೆ ಅಪ್ಪ, 'ನಿನ್ಗೆ ಬಾಯ್ಬಿಟ್ಟು ಏಳಕ್ಕೆ ನನ್ಗೆ ಆಗಲ್ಲ ಮಗಾ, ಆಯಮ್ಮ ಬರ್ದಿಡ್ತೀನಿ ಅಂದವ್ಳೆ, ಅದನ್ನ ಈಸ್ಕೊಂಡು ಓದು' ಅಂದಿದ್ರು. ನಾನು ಮರ್ತೇಬಿಟ್ಟಿದ್ದೆ. ಐತಾ ಅಕ್ಕಾ?"

ಇಲ್ಲಮ್ಮ, ತಪ್ಪಾಯಿತು, ಬರೆದಿಡಲಿಲ್ಲ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆ ಹುಡುಗಿ ಬೈಯುತ್ತಲೂ ಇರಲಿಲ್ಲ. ಆದರೆ ಎಲ್ಲ ಜೋಪಾನವಾಗಿಡುವ ಅಕ್ಕ ಅಂತ ಹೆಸರು ಪಡೆದವಳು ನಾನು. "ಇದೆ, ಭಾನುವಾರ ತಂದುಕೊಡ್ತೀನಿ" ಅಂದುಬಿಟ್ಟೆ.

ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ, ಅದೇ ಇವತ್ತಿಗೂ ನನ್ನನ್ನು ಸುಡುವುದು. ಬಂಡೆ ಸಿಡಿದದ್ದು, ದೂಳು, ಅಣ್ಣಾ ಅಂತ ಕೂಗಿದ್ದು, ಇಷ್ಟು ನನಗೆ ಗೊತ್ತಿತ್ತು. ಮುಂದೇನಾಗಿರುತ್ತದೆ? ಅರ್ಜಿಗೆ ಕೂಡಿಸುವ ಹಾಗೆ ಕೂಡಿಸಿದೆ. 'ನಾನು ಪ್ರಾಣದ ಹಂಗು ತೊರೆದು ಹಿಂದಕ್ಕೆ ಹೋದೆ. ಅವನ ಕೈ ಹಿಡಿದು ಎಳೆದೆ. ನನ್ನ ತೊಡೆಯ ಮೇಲೆಯೇ ಅವನು ಕಣ್ಣು ಮುಚ್ಚಿದ.' ತಾತನದೇ ಮಾತು ಅನ್ನಿಸಲಿ ಅಂತ ನಡುವೆ ಅಲ್ಲಲ್ಲಿ 'ಪಾ' 'ಮಾ' ಸೇರಿಸಿದೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿದೆ.

ಭಾನುವಾರ ಊರಿಗಾಂಗೆ ಹೋದೆ. ತಾತನನ್ನು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಅಕ್ಕಪಕ್ಕದ ಮನೆಯವರು ಸೇರಿದ್ದರು. ಮಗಳು ಗಟ್ಟಿಯಾಗಿ ಓದಿದಳು. ಹಿಂದಕ್ಕೆ ಹೋದೆ ಅನ್ನುವಲ್ಲಿಗೆ ಬಂದಾಗ ತಾತ ಎಡಗೈ ಎತ್ತಿ ಅಲ್ಲಾಡಿಸತೊಡಗಿದರು. ಕಣ್ಣಲ್ಲಿ ನೀರು ಸುರಿಯಿತು. "ಅಪ್ಪ ಅಳ್ತಾವ್ರೆ" ಅಂತ ಅವಳೂ ಅತ್ತಳು, ಸೇರಿದ್ದವರೂ ಅತ್ತರು. ನಾನೂ ಅತ್ತೆ, ನಾಚಿಕೆಯಿಲ್ಲದೆ. ಗೋಡೆಗೆ ಮೊಳೆ ಹೊಡೆದು ಹಾಳೆಯನ್ನು ತೂಗುಹಾಕಿದರು. ತಾತ ನನ್ನನ್ನೇ ನೋಡುತ್ತಿದ್ದರು. ಕೃತಜ್ಞತೆ ಅಂದುಕೊಂಡೆ.

ಮನೆಗೆ ಬಂದು ಆ ಹಾಳೆಯ ಫೋಟೊವನ್ನು ಗುಂಪಿಗೆ ಹಾಕಿದೆ. ಸಂಜೆ ಆ ಫಿಟ್ಟರ್ ಫೋನ್ ಮಾಡಿದ. ಕೋಳಿಗೂಡಿನ ಮಾತಾದ ಮೇಲೆ ಅವನು ನನ್ನ ಜೊತೆ ಮಾತಾಡಿರಲಿಲ್ಲ.

"ಅಕ್ಕಾ, ತಾತ ಇಂದಕ್ಕೆ ಓಗ್ಲಿಲ್ಲ" ಅಂದ. "ಓಡಿ ಬಂದ್ಬಿಟ್ರಂತೆ. ಅವ್ನು ಕೂಗ್ತಾನೇ ಇದ್ನಂತೆ, ಇವ್ರು ಲಿಫ್ಟ್ ಅತ್ತಿ ಮೇಲಕ್ಕೆ ಬಂದ್ರಂತೆ. ಉಡುಕ್ದೆ, ಸಿಗ್ಲಿಲ್ಲ ಅಂತ ಎಲ್ಲಾರ್ಗೂ ಸುಳ್ಳೇಳಿದ್ರಂತೆ. ಆ ಗಲಾಟೇಲಿ ಯಾರೂ ಪೂರ್ತಿ ಕೇಳ್ಲಿಲ್ಲ, ನಾನು ನಾಕೂ ಕೇಳ್ದೆ. ಆ ವಾರ ಪೂರ್ತಿ ರೈಲಲ್ಲಿ ಅದನ್ನೇ ಆಕ್ಕೊಂಡು ಕೇಳ್ತಿದ್ದೆ. ನೀವೆಲ್ಲಾ ನನ್ಗೆ ಉಗೀತಿದ್ರಲ್ಲಾ, ಅದ್ಕೇ ಏಳಿದ್ದು ಅವ್ರು. ಒಬ್ಬ ಓಡೋದ ಅಂತ ಅಷ್ಟು ನಗಬೇಡಿ ಪಾ, ನಾನೂ ಓಡೋದೋನೇ ಅಂದ್ರು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ತಾತ ಕೈ ಅಲ್ಲಾಡಿಸಿದ್ದು 'ಅಲ್ಲ, ಅಲ್ಲ' ಅಂತ. ಇಡೀ ಜೀವಮಾನ ಹೊತ್ತ ಸುಳ್ಳನ್ನು ಒಂದು ದಿನ ಇಳಿಸಿದ್ದರು. ನಾನು ಅದಕ್ಕಿಂತ ದೊಡ್ಡದನ್ನು ಮಾಡಿ, ಪ್ಲಾಸ್ಟಿಕ್ ಹೊದಿಸಿ, ಅವರ ಎದುರಿಗೇ ನೇತುಹಾಕಿ ಬಂದಿದ್ದೆ. ಇಲ್ಲ ಅನ್ನಲು ಅವರಿಗೆ ಬಾಯಿರಲಿಲ್ಲ.

ಫಿಟ್ಟರನಿಂದ ಇನ್ನೊಮ್ಮೆ ಹೇಳಿಸಿಕೊಂಡು, ಅವನು ಹೇಳಿದ್ದನ್ನಷ್ಟೇ, ಒಂದು ಮಾತು ಕೂಡಿಸದೆ ಟೈಪ್ ಮಾಡಿದೆ. ಅರ್ಧ ಪುಟವೂ ಆಗಲಿಲ್ಲ. ಮುಂದಿನ ಭಾನುವಾರ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಮತ್ತೆ ಹೋದೆ. ಮಗಳು ನೀರಿಗೆ ಹೋಗಿದ್ದಳು, ತಾತ ಒಬ್ಬರೇ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಕೂತು ಮೆಲ್ಲಗೆ ಓದಿದೆ. "ಹೀಗೇನಾ ತಾತಾ?" ಅಂದೆ. ಅವರು ತಲೆಯಾಡಿಸಿದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಒಣಗಿದ ಕೈ, ಆದರೆ ಹಿಡಿತ ಬಿಗಿಯಾಗಿತ್ತು. ಕಣ್ಣು ಬಾಗಿಲ ಕಡೆ ಹೋಯಿತು, ಮತ್ತೆ ಹಾಳೆಗೆ ಬಂತು. ಮಗಳು ಬರಲಿ, ಓದು ಅಂತ. ಈ ಸಲ ನನಗೆ ಚೆನ್ನಾಗಿ ಅರ್ಥವಾಯಿತು.

ಮಗಳು ಬಿಂದಿಗೆ ಇಳಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಮುಖ ಅರಳಿತ್ತು.

"ಅಕ್ಕಾ, ನಿಮ್ಮಿಂದ ಏನಾಗೈತೆ ಗೊತ್ತಾ? ಗಣೀಲಿ ಸತ್ತೋದ್ರಲ್ಲ ಅಪ್ಪನ ಜೊತೆಗಾರ್ರು, ಅವ್ರ ಮಗ ಬಂದಿದ್ದ. ಆಳೆ ಓದಿ ಅಪ್ಪನ ಕಾಲಿಗೆ ಬಿದ್ದ. 'ನಮ್ಮಪ್ಪ ಒಂಟಿಯಾಗಿ ಸಾಯ್ಲಿಲ್ಲ, ನನ್ಗೆ ಇಷ್ಟು ಗೊತ್ತಾಗಿದ್ದು ಸಾಕು' ಅಂದ." ಆಮೇಲೆ ನನ್ನ ಕೈಲಿದ್ದ ಕಾಗದ ನೋಡಿ, "ಅದೇನಕ್ಕಾ, ಇನ್ನೊಂದು ಸಿಕ್ತಾ?" ಅಂದಳು.

ತಾತ ನನ್ನ ಮಣಿಕಟ್ಟನ್ನು ಅಲ್ಲಾಡಿಸಿದರು.

"ಇಲ್ಲಮ್ಮ, ಇದು ಯಾರದೋ ಅರ್ಜಿ" ಅಂದೆ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಾಗದ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಕಾಫಿ ಕುಡಿದು ಹೋಗಿ ಅಕ್ಕಾ ಅಂದಳು, ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಲೈನು ದಾಟಿ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ತಾತನ ಗಂಟಲ ಸದ್ದು ಬಂತು. ಮಾತಲ್ಲ, ಬರೀ ಸದ್ದು, ಮೂರು ನಾಲ್ಕು ಸಲ. ಆಟೊದ ಗದ್ದಲದಲ್ಲಿ ಕೇಳಿಸಲಿಲ್ಲ ಅಂತ ಇಲ್ಲಿ ಬರೆದುಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಕೇಳಿಸಿತು.