ಹಾಬಿ ಎಂದರೆ ಹೋಬಳಿ

ನನಗೆ ಹವ್ಯಾಸಗಳಿಲ್ಲ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳಿಸಿಕೊಂಡವರಿಗೇ ಕಸಿವಿಸಿ. ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದವರು ಮೊನ್ನೆ, "ರಜೆ ದಿನ ಏನ್ಮಾಡ್ತೀರಿ ಮೇಡಂ, ಏನಾದ್ರೂ ಹಾಬಿ ಇಟ್ಕೊಂಡಿದೀರಾ?" ಎಂದರು. ನಾಯಿ ಇಟ್ಕೊಂಡಿದೀರಾ ಎಂದು ಕೇಳಿದ ಹಾಗಿತ್ತು. "ಬಟ್ಟೆ ಒಗೀತೀನ್ರೀ" ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಈ ಪದಕ್ಕೂ ನನಗೂ ಹಳೆಯ ವ್ಯಾಜ್ಯವಿದೆ. ಉಳವಿ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಏಳನೆಯ ಕ್ಲಾಸು ಮುಗಿಸಿದಾಗ, ಮೇಷ್ಟ್ರು ಹಟ ಹಿಡಿದು ನನ್ನನ್ನು ಸೊರಬದ ಹೈಸ್ಕೂಲೊಂದರ ಇಂಗ್ಲಿಷ್ ಮೀಡಿಯಂ ಸೆಕ್ಷನ್ನಿಗೆ ಸೇರಿಸಿದರು. ಅಪ್ಪ ಇರಲಿಲ್ಲ. ಅವ್ವ ಕಂಡವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಮೊದಲ ದಿನ ಟೀಚರ್ ಬಾಗಿಲ ಪಕ್ಕದ ಬೆಂಚಿನಿಂದ ಶುರುಮಾಡಿದರು. ಅಲ್ಲಿ ಕೂತವಳು ನಾನು. ಹೆಸರು ಕೇಳಿದರು, ಹೇಳಿದೆ. "ವಾಟ್ ಈಸ್ ಯುವರ್ ಹಾಬಿ?" ಎಂದರು. ನನಗೆ ಖುಷಿಯೇ ಆಯಿತು, ಇದು ಗೊತ್ತಿದ್ದ ಪ್ರಶ್ನೆ. ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: "ಉಳವಿ ಹೋಬಳಿ, ಸೊರಬ ತಾಲ್ಲೂಕು, ಟೀಚರ್."

ಆ ನಗು ಎಷ್ಟು ಹೊತ್ತು ನಡೆಯಿತೋ. ಟೀಚರೂ ನಕ್ಕರು, ಆಮೇಲೆ ಕೆಮ್ಮಿ ಸರಿಮಾಡಿಕೊಂಡರು. ಅವತ್ತಿನಿಂದ ನನ್ನ ಹೆಸರು ಹೋಬಳಿ. ಬಸ್ಸು ತಡವಾಗಿ ನಾನು ಬಾಗಿಲಲ್ಲಿ ನಿಂತರೆ ಅಡಿಕೆ ಮಂಡಿಯವರ ಮಗ, "ಹೋಬಳಿ ಬಂತು ಕಣ್ರೋ, ಕಂದಾಯ ಕಟ್ರೋ" ಎನ್ನುತ್ತಿದ್ದ.

ಈಗ ಯೋಚಿಸಿದರೆ ತಪ್ಪು ನನ್ನದಲ್ಲ ಅನ್ನಿಸುತ್ತದೆ. ಜಾತಿ, ಆದಾಯ ಎಂದು ಒಂದಲ್ಲ ಒಂದು ಸರ್ಟಿಫಿಕೇಟಿಗೆ ನಾಡಕಚೇರಿ ಸುತ್ತಿದ ಮನೆಯ ಮಗುವಿಗೆ ಹೋಬಳಿ ಎಂಬುದು ಅ ಆ ಇ ಈಯಷ್ಟೇ ಪರಿಚಿತ. ಆ ಕಚೇರಿಯ ಮೆಟ್ಟಿಲು ಹತ್ತದೆ ಬೆಳೆದ ಮಕ್ಕಳಿಗೆ ಹಾಬಿ ಪರಿಚಿತ. ಮರಾಠಿಯಲ್ಲಿ ಹವ್ಯಾಸ ಎಂದರೆ ಅತಿಯಾಸೆ ಎಂದು ಅರ್ಥವಂತೆ. ನಮ್ಮ ಮನೆಗೆ ಆ ಅರ್ಥವೇ ಹೊಂದುತ್ತಿತ್ತು.

ಅವತ್ತು ಕ್ಲಾಸಿನವರೆಲ್ಲರ ಹಾಬಿಗಳನ್ನು ನಾನು ಗಮನವಿಟ್ಟು ಕೇಳಿದ್ದೆ. ಒಬ್ಬಳಿಗೆ ಗಾರ್ಡನಿಂಗ್. ಕುಂಡದಲ್ಲಿ ಗುಲಾಬಿ. ನಮ್ಮವ್ವ ದಿನವಿಡೀ ಬಗ್ಗಿ ಕಳೆ ಕೀಳುವುದಕ್ಕೆ ಆ ಹೆಸರಿರಲಿಲ್ಲ. ಇನ್ನೊಬ್ಬಳಿಗೆ ಕುಕಿಂಗ್, ನಾನು ಒಲೆಯೆತ್ತರ ಇದ್ದಾಗಿನಿಂದ ಅನ್ನಕ್ಕಿಡುತ್ತಿದ್ದೆ. ಮಂಡಿಯವರ ಮಗನಿಗೆ ಸ್ವಿಮ್ಮಿಂಗ್. ಬೇಸಿಗೆ ರಜೆಯಲ್ಲಿ ಶಿವಮೊಗ್ಗಕ್ಕೆ ಹೋಗಿ ಕಲಿತು ಬಂದನಂತೆ. ನಾವೂ ಕೆರೆಯಲ್ಲಿ ಈಜುತ್ತಿದ್ದೆವು. ಮನೆಗೆ ಬಂದಮೇಲೆ ಏಟು ಬೀಳುತ್ತಿತ್ತು.

ಆ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನಸೀಮಾ, ಪೇಟೆಯ ಟೈಲರ್ ಮಗಳು. ಸ್ಕೂಲು ಬಿಟ್ಟಮೇಲೆ ಅಪ್ಪನ ಅಂಗಡಿಯಲ್ಲಿ ಶರಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಅದನ್ನೇ "ಸ್ಟಿಚಿಂಗ್" ಎಂದು ಹೇಳಿ ಟೀಚರಿಂದ ವೆರಿ ಗುಡ್ ತೆಗೆದುಕೊಂಡಿದ್ದಳು. "ಕೂಲಿ ಕೊಡದೆ ಮಾಡಿಸ್ಕೊಂಡ್ರೆ ಅದೇ ಹಾಬಿ ಕಣೇ. ನೀನೂ ಹಂಗೇ ಹೇಳ್ಬೇಕಿತ್ತು" ಎಂದಳು. ನನಗೆ ಅಷ್ಟು ಚುರುಕು ಇರಲಿಲ್ಲ. ಕನ್ನಡ ಮೀಡಿಯಂ ಸೆಕ್ಷನ್ನಿಗೆ ಹೋಗಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಅಲ್ಲಿ ನಮ್ಮ ಕಡೆಯ ಹುಡುಗಿಯರಿದ್ದರು. ಅದಕ್ಕೆ ಮನೆಯವರು ಬಂದು ಹೆಡ್‌ಮಾಸ್ಟರಿಗೆ ಹೇಳಬೇಕಿತ್ತು.

ಅವ್ವನಿಗೆ ಎಲ್ಲಾ ಹೇಳಿದೆ. ಅವಳು ಮೀನು ತೊಳೆಯುತ್ತಿದ್ದಳು.

"ಹಾಬಿ ಅಂದ್ರೆ ಎಂತದೇ?"

"ಬಿಡುವಿದ್ದಾಗ ಏನ್ಮಾಡ್ತೀಯ ಅಂತ."

"ಬಿಡುವಿದ್ರೆ ಮಲಗ್ತೀನಿ ಅನ್ನೋದಲ್ಲನೇ, ಮಾರಾಯ್ತಿ."

"ನೀನು ಯಾವಾಗ ಬರ್ತೀಯ ಸ್ಕೂಲಿಗೆ?"

"ನಾಟಿ ಮುಗೀಲಿ, ಬರ್ತೀನಿ."

ನಾಟಿ ಮುಗಿಯಿತು. ಕಳೆ ಮುಗೀಲಿ ಎಂದಳು. ನಾನು ಅತ್ತೆ, ಊಟ ಬಿಟ್ಟೆ. ಬಿಟ್ಟ ಊಟ ಬೆಳಿಗ್ಗೆ ನಾನೇ ತಿಂದೆ. ಕೊಯ್ಲು ಮುಗೀಲಿ ಎಂದಳು. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು. ಗಣಿತದಲ್ಲಿ ಮಂಡಿಯವರ ಮಗನಿಗಿಂತ ಮುಂದೆ ಬಂದೆ. ಅವನು ನೋಟ್ಸು ಕೇಳುವಾಗ ನನ್ನ ಸ್ವಂತ ಹೆಸರು ಹಿಡಿದು ಕರೆದ. ಸೆಕ್ಷನ್ ಬಿಡುವ ಮಾತು ಅಲ್ಲಿಗೆ ನಿಂತಿತು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಜಂಬದಿಂದಲೇ ಹೇಳುತ್ತೇನೆ; ಜಂಬಕ್ಕೆ ಬೇಕಾದಷ್ಟು ದುಡಿದಿದ್ದೇನೆ. ಈಗ ನಾನೂ ಹೈಸ್ಕೂಲ್ ಟೀಚರ್. ಸೋತು ಕೂತ ಮಕ್ಕಳಿಗೆಲ್ಲ ನಮ್ಮವ್ವನ ಕಥೆ ಹೇಳುತ್ತೇನೆ: ಓದದ ಹೆಂಗಸು, ಆದರೂ ಎಂಥ ಉಪಾಯ ಮಾಡಿ ಮಗಳನ್ನು ಆ ಬೆಂಚಿನಲ್ಲೇ ಕೂರಿಸಿದಳು ನೋಡಿ ಎಂದು. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಈ ಕಥೆಯನ್ನು ಈಚೆಗೆ ಒಮ್ಮೆ ಅವ್ವನ ಮುಂದೆಯೇ ಹೇಳಿದೆ. ಈಗ ಅವಳು ನಮ್ಮ ಜೊತೆಗೇ ಇದ್ದಾಳೆ. ಅವಳು ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಉಪಾಯ ಎಲ್ಲಿಂದ ಬಂತೇ? ನಂಗೆ ಆ ಸ್ಕೂಲ್ ಗೇಟು ದಾಟಕ್ಕೇ ಹೆದರಿಕೆ. ಹೆಡ್‌ಮಾಸ್ಟ್ರು ಎಂತಾದ್ರೂ ಇಂಗ್ಲಿಷಲ್ಲಿ ಕೇಳಿದ್ರೆ? ಅದಕ್ಕೇ ನಾಟಿ, ಕಳೆ ಅಂತ ಸುಳ್ಳು ಹೇಳ್ತಾ ಇದ್ದೆ."

ನಾನು ಹೆದರಿ ಆ ಕ್ಲಾಸಿನಿಂದ ಹೊರಗೆ ಬರಬೇಕೆಂದಿದ್ದೆ. ಅವಳು ಹೆದರಿ ಆ ಸ್ಕೂಲಿನ ಒಳಗೇ ಬರಲಿಲ್ಲ. ಎರಡು ಹೆದರಿಕೆ ಸೇರಿ ನಮ್ಮ ಮನೆಗೆ ಒಂದು ಡಿಗ್ರಿ ಬಂತು. ಮಕ್ಕಳಿಗೆ ಇನ್ನು ಕಥೆಯನ್ನು ಹೀಗೆಯೇ ಹೇಳಬೇಕು. ಅವರಲ್ಲಿ ಎಷ್ಟೋ ಜನರ ಅಪ್ಪ ಅಮ್ಮಂದಿರೂ ನಮ್ಮ ಗೇಟಿನ ಆಚೆಯೇ ನಿಂತಿರುತ್ತಾರೆ.